ಬ್ಲೇಡು ಒರೆಸಿಡು

ರಾಮನಗರ
14-7-2003

ಮಾನ್ಯ,

ಪತ್ರದ ಮೊದಲಿಗೆ ಆಶೀರ್ವಾದ ಬರೆಯುವುದು ರೂಢಿ. ನೀನು ಮನೆ ಬಿಟ್ಟು ಹೋದ ರೀತಿಗೆ ಅದನ್ನು ಬರೆಯಲು ಕೈ ಬರುತ್ತಿಲ್ಲ. ಬರೆದಿದ್ದೇನೆ ಎಂದುಕೊಂಡು ಮುಂದಕ್ಕೆ ಓದು.

ತಿಪ್ಪಸಂದ್ರದ ಅಂಗಡಿಯ ಫೋನಿಗೆ ಎರಡು ಸಲ ಮಾಡಿದೆ. ಎರಡು ಸಲವೂ ನಾವು ಕೂಗಾಡಿದ್ದನ್ನು ಸಾಮಾನಿಗೆ ಬಂದವರೆಲ್ಲ ನಿಂತು ಕೇಳಿದರಂತೆ. "ಕಾಗದ ಬರ್ಕೊಳ್ರಿ. ಬರೆಯುವಾಗ ಒಬ್ರ ಮಾತಿಗೆ ಇನ್ನೊಬ್ರು ಬಾಯಿ ಹಾಕಕ್ಕಾಗಲ್ಲ" ಎಂದು ನಿಮ್ಮಪ್ಪ ಹೇಳಿದರು. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಅರ್ಧ ನಿದ್ದೆಯಲ್ಲಿ ಹೇಳಿದ ಮಾತು. ನೀನಿರುವ ತಮ್ಮ ಅಕ್ಕನ ಮನೆಗೆ ಬರುವಾಗಲೆಲ್ಲ ಕಾಗದ ತರುವ ಕೆಲಸವನ್ನೂ ಅವರೇ ಒಪ್ಪಿಕೊಂಡಿದ್ದಾರೆ. ನಿನಗೆ ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷಿನಲ್ಲಿ ನನಗೆ ಬೈಗುಳ ತುಂಬ ಸಲೀಸಾಗಿ ಬರುತ್ತದೆ, ಅದಕ್ಕೆ.

ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತಿತ್ತು. ಕೌನ್ಸೆಲಿಂಗ್ ದಿನ ನೀನು ಬೆಂಗಳೂರಿನ ಬಸ್ಸು ಹತ್ತುವ ಬದಲು ಮಾಗಡಿಯ ಬಸ್ಸು ಹತ್ತಿ ನಿಮ್ಮ ಅತ್ತೆಯ ಮನೆ ಸೇರಿದೆ. ಒಂದು ವರ್ಷ ಬಿಡುವು ಬೇಕು ಎಂದೆ. ಆಗಲಿ. ಆದರೆ ವರ್ಷವಿಡೀ ಹಿಪ್ಪುನೇರಳೆ ಸೊಪ್ಪು ಕೊಯ್ದು ಕಳೆದರೆ ಆಮೇಲೆ ನಿನ್ನನ್ನು ಯಾರೂ ಕೇಳುವುದಿಲ್ಲ. ಪಿಯುಸಿ ಮುಗಿಸಿದವರು ಓಪನ್ ಸ್ಕೂಲಿನಲ್ಲಿ ಒಂದೇ ಒಂದು ಹೆಚ್ಚುವರಿ ವಿಷಯ ಕಟ್ಟಬಹುದು. ಲೆಕ್ಕಶಾಸ್ತ್ರ ತೆಗೆದುಕೋ, ಅರ್ಥಶಾಸ್ತ್ರ ತೆಗೆದುಕೋ, ಮನಃಶಾಸ್ತ್ರವಾದರೂ ಸರಿ. ಜೀವಶಾಸ್ತ್ರ ಮಾತ್ರ ಬೇಡ. ಅದನ್ನು ಕಲಿಸಿಯೇ ಅನ್ನ ತಿನ್ನುವವಳು ಹೇಳುತ್ತಿದ್ದೇನೆ.

ಪರೀಕ್ಷೆಗೆ ಕೂರಲು ಪಿಯುಸಿಯ ಮೂಲ ಅಂಕಪಟ್ಟಿ ತೋರಿಸಬೇಕು. ಅದು ನನ್ನ ಬೀರುವಿನಲ್ಲಿದೆ. ಯಾವ ವಿಷಯ ಎಂದು ತಿಳಿಸಿದ ಮೇಲೆ ಕಳಿಸುತ್ತೇನೆ.

ನಿನ್ನ ಅಮ್ಮ,
ಪ್ರತಿಮಾ


ತಿಪ್ಪಸಂದ್ರ
27-7-2003

ಅಮ್ಮ,

ಜೀವಶಾಸ್ತ್ರಕ್ಕೆ ಕಟ್ಟಿದ್ದೇನೆ. ಸದ್ಯಕ್ಕೆ ಅಂಕಪಟ್ಟಿಯ ನಕಲು ಸಾಕು ಎಂದರು, ಮೂಲವನ್ನು ಜನವರಿ ಕೊನೆಯೊಳಗೆ ತೋರಿಸಬೇಕಂತೆ. ತೋರಿಸದಿದ್ದರೆ ಹಾಲ್ ಟಿಕೆಟ್ ಇಲ್ಲ. ಅದು ನಿನಗೆ ಖುಷಿಯ ಸುದ್ದಿ ಇರಬಹುದು.

ಹತ್ತನೇ ಕ್ಲಾಸಾದ ಮೇಲೆ ನಾನು ಕೇಳಿದ್ದು ಇದನ್ನೇ. ಕಾಲೇಜಿನ ಅರ್ಜಿಯಲ್ಲಿ ಬಯಾಲಜಿ ಹೊಡೆದುಹಾಕಿ ಕಂಪ್ಯೂಟರ್ ಎಂದು ಬರೆದವಳು ನೀನು. ಎರಡು ವರ್ಷ ಓದಿದೆ, ಮಾರ್ಕ್ಸೂ ತಂದುಕೊಟ್ಟೆ. ನಿನ್ನ ಸಾಲ ತೀರಿತು. ಮುಂದೆ ರೇಷ್ಮೆ ಕೃಷಿಯ ಬಿಎಸ್ಸಿಗೆ ಹೋಗಬೇಕು ಎಂದಿದ್ದೇನೆ, ಅದಕ್ಕೆ ಜೀವಶಾಸ್ತ್ರ ಬೇಕೇ ಬೇಕು.

ಕನ್ನಡದಲ್ಲಿ ಬರೆದದ್ದು ಒಳ್ಳೆಯದಾಯಿತು. ನಿನ್ನ ಕಾಗದವನ್ನು ಅತ್ತೆ ಗಟ್ಟಿಯಾಗಿ ಓದಿಸುತ್ತಾರೆ. ಅವರ ಮನೆಯಲ್ಲಿದ್ದುಕೊಂಡು ಅವರಿಗೆ ತಿಳಿಯದ ಕಾಗದ ಇಟ್ಟುಕೊಳ್ಳುವುದು ನನಗೂ ಸರಿ ಕಾಣಲಿಲ್ಲ. ಸೊಪ್ಪು ಕೊಯ್ಯುವ ಮಾತು ಬಂದ ಕೂಡಲೇ "ಅಲ್ಲೇ ನಿಲ್ಸು" ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಪ್ರತಿಮಾ, ಬೀರಮ್ಮ ಹೇಳೋದು. ಸೊಪ್ ಕೊಯ್ದೋರ್ನ ಯಾರೂ ಕೇಳಲ್ಲ ಅಂದ್ಯಂತೆ. ನನ್ ತಮ್ಮನ್ನ ಐಟಿಐ ಓದ್ಸಿದ್ದು ಇದೇ ಸೊಪ್ಪು. ಆ ಐಟಿಐ ಇಲ್ದೆ ಹೋಗಿದ್ರೆ ಅವ್ನ ಫ್ಯಾಕ್ಟ್ರಿ ಗೇಟ್ ಒಳಕ್ಕೆ ಬುಡ್ತಿದ್ರಾ, ನೀನು ಅವ್ನ ಕಟ್ಕೊಳ್ತಿದ್ಯಾ? ಮಗು ಇಲ್ಲಿ ಹೊತ್ತೊತ್ತಿಗೆ ಉಣ್ತಾ ಐತೆ. ನೀನು ಚಿಂತೆ ಮಾಡ್ಬೇಡ, ನಿಂಗೆ ಪಾಠ ಮಾಡೋದೈತಲ್ಲ, ಮಾಡ್ಕೋ."

ಮಾನ್ಯ


ರಾಮನಗರ
6-8-2003

ಮಾನ್ಯ,

ಈ ಕಾಗದವನ್ನೂ ಗಟ್ಟಿಯಾಗಿ ಓದುವೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮ ಅತ್ತೆ ತಮ್ಮನನ್ನು ಓದಿಸಿದ ಕಥೆಯನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ನನ್ನನ್ನು ಮೊದಲ ಸಲ ಆ ಮನೆಗೆ ಕರೆದುಕೊಂಡು ಹೋದಾಗ, ಇಷ್ಟು ಓದಿದವಳು ಇಲ್ಲಿ ಏನು ಮುಟ್ಟಿ ಹಾಳುಮಾಡುತ್ತಾಳೋ ಎಂದು ರೇಷ್ಮೆಹುಳು ಸಾಕುವ ಮನೆಯ ಬಾಗಿಲಲ್ಲೇ ನಿಲ್ಲಿಸಿದ್ದರು. ಅದನ್ನೂ ಅವರು ಮರೆತಿರಲಾರರು.

ನಿನಗೆ ಯಾಕೆ ಬೇಡ ಎಂದೆ, ಕೇಳು. ನಮ್ಮ ಕಾಲೇಜಿನ ಬಯಾಲಜಿ ಲ್ಯಾಬಿನ ಅರ್ಧ ಜಾಗವನ್ನು ಕಂಪ್ಯೂಟರುಗಳಿಗೆ ಕೊಟ್ಟರು. ಕಪ್ಪೆಯ ಜಾಡಿಗಳನ್ನು ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಹುಡುಗರು ಅವುಗಳ ಮೇಲೆ ಹೆಲ್ಮೆಟ್ ಇಟ್ಟು ಹೋಗುತ್ತಾರೆ. ನಾನು ಕಲಿಸಿದ ಒಳ್ಳೆಯ ಹುಡುಗಿಯರಲ್ಲಿ ಒಬ್ಬಳು ಬಿಡದಿಯ ಫ್ಯಾಕ್ಟರಿಯಲ್ಲಿ ವೈರುಗಳಿಗೆ ಟೇಪು ಸುತ್ತುತ್ತಾಳೆ. ಬಯಾಲಜಿ ಓದಿದವರು ಡಾಕ್ಟರಾಗುತ್ತಾರೆ, ಆಗದಿದ್ದರೆ ನನ್ನ ಹಾಗೆ ಆಗುತ್ತಾರೆ. ನಾನು ನಿನಗೆ ಮುಚ್ಚಿದ್ದು ಆ ಎರಡನೆಯ ಬಾಗಿಲನ್ನು. ಇದನ್ನು ಬರೆಯುವಾಗ, ಮಗಳನ್ನು ಕಾಪಾಡಿದೆನೋ ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆನೋ ಎಂಬ ಅನುಮಾನ ಬರುತ್ತದೆ. ಬಂದರೂ ನನ್ನ ಮಾತು ಬದಲಾಗುವುದಿಲ್ಲ. ಅಂಕಪಟ್ಟಿ ಬೀರುವಿನಲ್ಲೇ ಇರುತ್ತದೆ.

ಇನ್ನೊಂದು. ಬ್ಲೇಡು ಕತ್ತರಿಗಳಿದ್ದ ನನ್ನ ಡಿಸೆಕ್ಷನ್ ಡಬ್ಬಿ ಕಾಣುತ್ತಿಲ್ಲ. ನಿಮ್ಮಪ್ಪನ ಊಟದ ಚೀಲ ಹೋದ ಸಲ ಅಲ್ಲಿಗೆ ಹೊರಟಾಗ ಯಾಕೆ ಅಷ್ಟು ಗಲಗಲ ಎನ್ನುತ್ತಿತ್ತು ಎಂದು ಈಗ ತಿಳಿಯಿತು. ಕೇಳಿದರೆ "ಸ್ಪೂನು" ಎನ್ನುತ್ತಾರೆ.

ಪ್ರತಿಮಾ


ತಿಪ್ಪಸಂದ್ರ
21-9-2003

ಜೀವಶಾಸ್ತ್ರದ ಉಪನ್ಯಾಸಕರಿಗೆ,

ನಾನು ಓಪನ್ ಸ್ಕೂಲಿನ ವಿದ್ಯಾರ್ಥಿನಿ. ಇಲ್ಲಿ ಪಾಠ ಹೇಳುವವರಿಲ್ಲ. ತಮ್ಮ ಕೆಲಸ ಪಾಠ ಹೇಳುವುದು ಎಂದು ತಿಳಿದು ಬರೆಯುತ್ತಿದ್ದೇನೆ. ಉತ್ತರಿಸುವುದು ಬಿಡುವುದು ತಮಗೆ ಸೇರಿದ್ದು.

ರೇಷ್ಮೆಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ ಎಂದು ಇಲ್ಲಿ ಹೇಳುತ್ತಾರೆ. ಜ್ವರದಲ್ಲಿ ಹುಳು ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಪುಸ್ತಕದಲ್ಲಿ ಪೊರೆ ಬಿಡುವುದು ಎಂದಷ್ಟೇ ಇದೆ. ನಿಜವಾಗಿ ಅದರ ಮೈ ಬಿಸಿಯಾಗುತ್ತದೆಯೇ?

ಪ್ರಾಕ್ಟಿಕಲ್‌ಗೆ ಜಿರಲೆ ಕುಯ್ಯಬೇಕು. ಅಭ್ಯಾಸಕ್ಕೆಂದು ಪಕ್ಕದ ಪುಟ್ಟಲಿಂಗಯ್ಯನವರ ತಿಪ್ಪೆಯಿಂದ ಸತ್ತ ರೇಷ್ಮೆಹುಳು ತಂದು ಕುಯ್ಯುತ್ತಿದ್ದೇನೆ. ಕೈ ಈಗ ಪಳಗಿದೆ. ರೇಷ್ಮೆ ಗ್ರಂಥಿಯನ್ನು ಹರಿಯದೆ ಪೂರ್ತಿ ಬಿಡಿಸಿದೆ. ಅದರ ಚಿತ್ರ, ಜಿರಲೆಯ ಜೀರ್ಣಾಂಗದ ಚಿತ್ರ ಎರಡನ್ನೂ ಇಟ್ಟಿದ್ದೇನೆ. ತಿದ್ದಿ ಕಳಿಸಬಹುದು.

ಇತಿ,
ಮಾನ್ಯ ಚಿಕ್ಕರಾಜು

ತಮ್ಮ ಸ್ಪೂನುಗಳು ಕ್ಷೇಮವಾಗಿವೆ.


ರಾಮನಗರ
2-10-2003

ವಿದ್ಯಾರ್ಥಿನಿ ಮಾನ್ಯ ಚಿಕ್ಕರಾಜು ಅವರಿಗೆ,

ಜ್ವರವಲ್ಲ. ಹಳೆಯ ಚರ್ಮ ಬಿಗಿಯಾಗುತ್ತದೆ, ಹುಳು ಒಳಗೆ ಬೆಳೆದಿರುತ್ತದೆ. ಅದನ್ನು ಕಳಚಲು ಸುಮ್ಮನೆ ಕೂರುತ್ತದೆ. ಆಗ ಯಾರೂ ಅದನ್ನು ಮುಟ್ಟಬಾರದು, ಮುಟ್ಟಿದರೆ ಅರ್ಧ ಕಳಚಿದ್ದರಲ್ಲೇ ಸಾಯುತ್ತದೆ. ಈ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ.

ಜಿರಲೆಯ ಚಿತ್ರ ಐದಕ್ಕೆ ಎರಡೂವರೆ. ಗೆರೆಗಳು ಒಂದರ ಮೇಲೊಂದು ಹೋಗಿವೆ. ಹೆಸರುಗಳನ್ನು ಬಲಗಡೆ ಒಂದೇ ಸಾಲಿನಲ್ಲಿ ಬರೆಯಬೇಕು. ಶೇಡಿಂಗ್ ಮಾಡಬಾರದು, ಇದು ಡ್ರಾಯಿಂಗ್ ಕ್ಲಾಸಲ್ಲ. ರೇಷ್ಮೆ ಗ್ರಂಥಿಯ ಚಿತ್ರ ಸಿಲಬಸ್ಸಿನಲ್ಲಿಲ್ಲ, ಅದಕ್ಕೆ ಅಂಕ ಕೊಟ್ಟಿಲ್ಲ. ಅದನ್ನು ವಾಪಸು ಕಳಿಸುತ್ತಿಲ್ಲ.

ಕುಯ್ಯುವ ಅಭ್ಯಾಸ ಬಿಡಬೇಡಿ, ಕೈ ಕೂಡಿ ಬರುವುದು ಅದರಿಂದಲೇ. ಪ್ರತಿ ಸಲ ಕುಯ್ದ ಮೇಲೆ ಬ್ಲೇಡು ಒರೆಸಿಡಿ, ತುಕ್ಕು ಹಿಡಿಯುತ್ತದೆ. ಅದು ನಾನು ಓದುವಾಗ ನನ್ನ ತಂದೆ ಕೊಡಿಸಿದ ಡಬ್ಬಿ.

ಪ್ರತಿಮಾ


ತಿಪ್ಪಸಂದ್ರ
20-11-2003

ಅಮ್ಮ,

ಇನ್ನು ಮೇಲೆ ಇಲ್ಲಿಗೆ ಬರಬೇಡ.

ಒಂಬತ್ತನೇ ತಾರೀಕು ಭಾನುವಾರ ನೀನು ಹೇಳದೆ ಕೇಳದೆ ಬಂದೆ. ನಾಲ್ಕನೇ ಜ್ವರ ಮುಗಿದು ಹುಳು ಸೊಪ್ಪಿಗೆ ಬಾಯಿ ಹಾಕಿದ್ದ ಹೊತ್ತು. ಆ ಹೊತ್ತಿನಲ್ಲಿ ಇಲ್ಲಿ ಪಕ್ಕದ ಮನೆಯವರನ್ನೂ ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಸೀರೆ ನೆನೆಯುತ್ತದೆ ಎಂದು ನೀನು ಅದನ್ನು ದಾಟಿ ಬಂದೆ. "ನಿಂತ್ಕೊಳವ್ವ, ಒಸಿ ಕಾಲ್ ಅದ್ಬುಟ್ಟು ಬಾ" ಎಂದು ಅತ್ತೆ ಮರ್ಯಾದೆಯಿಂದಲೇ ಹೇಳಿದರು. "ನಾನೂ ಬಯಾಲಜಿ ಓದಿದವಳೇ" ಎಂದೆ ನೀನು. ಆಮೇಲೆ ಹುಳುಗಳ ಮುಂದೆಯೇ ನಾವಿಬ್ಬರೂ ಏನೇನು ಮಾತಾಡಿದೆವೋ ಅದನ್ನು ಬರೆಯುವುದಿಲ್ಲ. ನೀನು ಹೋಗುವಾಗ ಬ್ಯಾಗನ್ನು ಎದೆಗೆ ಅವಚಿಕೊಂಡು ಹೋದೆ, ನಾವು ಕಿತ್ತುಕೊಳ್ಳುತ್ತೇವೆ ಎನ್ನುವ ಹಾಗೆ.

ಮಂಗಳವಾರ ಹುಳು ಊದಿಕೊಳ್ಳಲು ಶುರುವಾಯಿತು. ಮೈ ಹೊಳೆಯುತ್ತದೆ, ತಟ್ಟೆಯ ಅಂಚಿಗೆ ಹತ್ತಿ ಹತ್ತಿ ಹೋಗುತ್ತವೆ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥದ್ದು ಸೋರುತ್ತದೆ. ಹಾಲುತೊಂಡೆ ರೋಗ ಎಂದರು. ವಾರದೊಳಗೆ ಒಂದು ತಟ್ಟೆಯೂ ಉಳಿಯಲಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಅತ್ತೆಯದು ಬಿತ್ತನೆ ಗೂಡು. ಅವರ ಗೂಡಿನಿಂದ ಬಂದ ಮೊಟ್ಟೆಯ ಹುಳುವನ್ನು ಊರೂರಿನವರು ಮೇಯಿಸುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಬೆಳೆ ಹೋದದ್ದಿಲ್ಲ.

ಅವರು ಅಳಲಿಲ್ಲ. ಬೀದಿಯಲ್ಲಿ ಕೇಳಿದವರಿಗೆಲ್ಲ ಒಂದೇ ಮಾತು: "ನನ್ ತಮ್ಮನ್ ಹೆಂಡ್ರು ಬಂದ್ಲು ಕಣ್ರವ್ವ. ಲ್ಯಾಬಲ್ಲಿ ಸತ್ತಿದ್ದೆಲ್ಲಾ ಮುಟ್ಟಿ, ಅದೇ ಸೀರೇಲಿ ಬಂದ್ಲು." ಅಪ್ಪ ಕಾಗದ ಕೇಳಲು ಬಂದು, ಒಳಗೆ ಬರದೆ ಜಗುಲಿಯ ಮೇಲೆ ಕೂತಿದ್ದಾರೆ.

ಮಾನ್ಯ


ರಾಮನಗರ
25-11-2003

ಮಾನ್ಯ,

ನಾನು ತಂದದ್ದು ಹೌದು ಎಂದೂ ಬರೆಯುವುದಿಲ್ಲ, ಅಲ್ಲ ಎಂದೂ ಬರೆಯುವುದಿಲ್ಲ. ಅಲ್ಲ ಎಂದರೆ ನೀವಿಬ್ಬರೂ ನಂಬುವುದಿಲ್ಲ. ನೀನು ಜೀವಶಾಸ್ತ್ರ ಓದುತ್ತಿರುವವಳು, ಆದ್ದರಿಂದ ಒಂದು ಪ್ರಶ್ನೆ ಕೊಡುತ್ತೇನೆ. ಹತ್ತು ಅಂಕ.

ಹಾಲುತೊಂಡೆ ರೋಗ ಹುಳುವಿನ ಒಳಗೆ ಹೋಗುವುದು ಯಾವ ದಾರಿಯಿಂದ? ಒಳಗೆ ಹೋದ ಮೇಲೆ ಲಕ್ಷಣ ಕಾಣಲು ಎಷ್ಟು ಕಾಲ ಬೇಕು? ನಿಮ್ಮ ಹುಳು ಮನೆಯಲ್ಲಿ ಅದು ಬಂದ ದಾರಿಯನ್ನು ಈ ಎರಡು ಉತ್ತರಗಳಿಂದ ಕಂಡುಹಿಡಿ.

ನಿನ್ನ ಪುಸ್ತಕದಲ್ಲಿ ಸಿಗುವುದಿಲ್ಲ. ಮಾಗಡಿಯಲ್ಲಿ ರೇಷ್ಮೆ ಇಲಾಖೆಯವರನ್ನು ಕೇಳು. ಉತ್ತರ ಸಿಕ್ಕುವವರೆಗೆ ನನಗೆ ಬರೆಯಬೇಡ.

ಪ್ರತಿಮಾ


ತಿಪ್ಪಸಂದ್ರ
4-1-2004

ಅಮ್ಮ,

ಉತ್ತರ.

ರೋಗ ಹೋಗುವುದು ಬಾಯಿಯಿಂದ, ಸೊಪ್ಪಿನ ಜೊತೆ. ರೋಗದಿಂದ ಸತ್ತ ಹುಳುವಿನ ರಸ ಸೊಪ್ಪಿಗೆ ತಗುಲಿದರೆ ಸಾಕು. ಲಕ್ಷಣ ಕಾಣಲು ಹೆಚ್ಚುಕಡಿಮೆ ಒಂದು ವಾರ ಬೇಕು. ನೀನು ಬಂದದ್ದು ಭಾನುವಾರ, ಹುಳು ಊದಿದ್ದು ಮಂಗಳವಾರ. ಆದ್ದರಿಂದ ನೀನಲ್ಲ.

ಪ್ರಶ್ನೆ ಅಲ್ಲಿಗೆ ಮುಗಿದಿದ್ದರೆ ಡಿಸೆಂಬರಿನಲ್ಲೇ ಬರೆಯುತ್ತಿದ್ದೆ. ಬಂದ ದಾರಿ ಕಂಡುಹಿಡಿ ಎಂದೆ. ಕಂಡುಹಿಡಿದೆ. ಪುಟ್ಟಲಿಂಗಯ್ಯನವರ ಹುಳು ಸತ್ತದ್ದೂ ಇದೇ ರೋಗದಿಂದ. ಅವನ್ನು ತಂದು ನಾನು ನವೆಂಬರಿನವರೆಗೂ ಸೊಪ್ಪಿನ ಕೋಣೆಯಲ್ಲಿ ಕುಯ್ಯುತ್ತಿದ್ದೆ, ಆ ಕಿಟಕಿಯಲ್ಲಿ ಬೆಳಕು ಚೆನ್ನಾಗಿದೆ. ಕುಯ್ದ ಮೇಲೆ ನೀನು ಹೇಳಿದ ಹಾಗೆ ಪ್ರತಿ ಸಲ ಬ್ಲೇಡು ಒರೆಸಿಟ್ಟೆ. ಕೈಗೆ ಸಿಗುತ್ತಿದ್ದದ್ದು ಸೊಪ್ಪು ಬಾಡದ ಹಾಗೆ ಹೊದಿಸುವ ಒದ್ದೆ ಗೋಣಿ. ಅದಕ್ಕೇ ಒರೆಸಿದೆ.

ಇದು ಅತ್ತೆಗೆ ಗೊತ್ತಿಲ್ಲ. ಅವರು ಈಗಲೂ ದಿನಕ್ಕೊಂದು ಸಲ ನಿನ್ನನ್ನು ಬೈಯುತ್ತಾರೆ, ನಾನು ಪಕ್ಕದಲ್ಲಿ ಕೂತು ಸಾರಿಗೆ ಸೊಪ್ಪು ಬಿಡಿಸುತ್ತೇನೆ. ಹೇಳಿದರೆ ನನ್ನನ್ನು ಹುಳು ಮನೆಗೆ ಸೇರಿಸುವುದಿಲ್ಲ, ಮನೆಯಲ್ಲೂ ಇಟ್ಟುಕೊಳ್ಳಲಾರರು. ಹೇಳದೆ ಅವರ ಕೈಯ ಅನ್ನ ಇಳಿಯುತ್ತಿಲ್ಲ.

ಅಂಕಪಟ್ಟಿ ಕಳಿಸಬೇಡ. ಜೀವಶಾಸ್ತ್ರ ಬಿಟ್ಟುಬಿಡುತ್ತೇನೆ. ಮುಂದಿನ ವರ್ಷ ನೀನು ಹೇಳಿದ ಕಾಲೇಜಿಗೆ ಸೇರುತ್ತೇನೆ. ಗೆದ್ದವಳು ನೀನೇ. ಡಬ್ಬಿಯನ್ನು ಅಪ್ಪನ ಕೈಲಿ ಕಳಿಸಿದ್ದೇನೆ.

ಮಾನ್ಯ


ರಾಮನಗರ
11-1-2004

ಮಾನ್ಯ,

ಈ ಹಾಳೆ ನಿನಗೆ. ಇನ್ನೊಂದು ಹಾಳೆಯನ್ನು ನಿಮ್ಮ ಅತ್ತೆಗೆ ಎಂದಿನಂತೆ ಗಟ್ಟಿಯಾಗಿ ಓದು.

ಹತ್ತಕ್ಕೆ ಹತ್ತು. ನಾನು ಯಾರಿಗೂ ಹತ್ತು ಕೊಡುವುದಿಲ್ಲ ಎಂದು ಕಾಲೇಜಿನಲ್ಲಿ ಮಾತಿದೆ.

ಸೆಪ್ಟೆಂಬರಿನಲ್ಲಿ ನೀನು ಬರೆದಿದ್ದೆ, ಪಕ್ಕದವರ ತಿಪ್ಪೆಯಿಂದ ಸತ್ತ ಹುಳು ತರುತ್ತೇನೆ ಎಂದು. ರೇಷ್ಮೆ ಸಾಕುವ ಮನೆಯೊಳಗೆ, ಯಾವ ರೋಗದಿಂದ ಸತ್ತಿದೆಯೋ ಗೊತ್ತಿಲ್ಲದ ಹುಳು. ಅದನ್ನು ಓದಿ ನಾನು ಏನು ಬರೆದೆ? ತುಕ್ಕು ಹಿಡಿಯುತ್ತದೆ, ಒರೆಸಿಡು ಎಂದೆ. ಹೊರಗೆ ಕುಯ್ಯಿ ಎನ್ನಲಿಲ್ಲ, ಕುದಿಯುವ ನೀರಿನಲ್ಲಿ ಅದ್ದು ಎನ್ನಲಿಲ್ಲ, ಕೈ ತೊಳೆ ಎನ್ನಲಿಲ್ಲ. ಮೊದಲ ವರ್ಷದ ಹುಡುಗರಿಗೆ ಮೊದಲ ದಿನ ಹೇಳುವ ಮಾತು ಅದು. ನಿನ್ನ ಗೆರೆಗಳಲ್ಲಿ ತಪ್ಪು ಹುಡುಕುವುದರಲ್ಲಿ ನನಗೆ ಅದು ಕಾಣಲಿಲ್ಲ. ನಿನ್ನ ಉತ್ತರ ಪೂರ್ತಿಯಾಗಬೇಕಾದರೆ ರೋಗ ಬಂದ ದಾರಿಯಲ್ಲಿ ರಾಮನಗರವೂ ಇದೆ.

ಗೆದ್ದವಳು ನೀನೇ ಎಂದೆ. ಈ ಗೆಲುವು ನನಗೆ ಬೇಡ. ನೀನು ಅದನ್ನು ನನಗೆ ಕೊಟ್ಟ ರೀತಿಯ ಬಗ್ಗೆ ಸಿಟ್ಟಿದೆ, ಇಷ್ಟು ದಿನ ನಾನು ಬೈಸಿಕೊಳ್ಳುವಾಗ ಸುಮ್ಮನೆ ಸೊಪ್ಪು ಬಿಡಿಸಿದ್ದಕ್ಕೂ ಸಿಟ್ಟಿದೆ. ಅದು ಬೇರೆ. ಅಂಕಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ನವೆಂಬರಿನಲ್ಲಿ ಆ ಭಾನುವಾರ ಬ್ಯಾಗಿನಲ್ಲಿ ಇದ್ದದ್ದೂ ಅದೇ. ಕೊಡಲೆಂದೇ ಬಂದಿದ್ದೆ.

ಡಬ್ಬಿ ವಾಪಸು ಕಳಿಸುತ್ತಿದ್ದೇನೆ, ಕುದಿಸಿದ್ದೇನೆ.

ಪ್ರತಿಮಾ

(ಓದಿ ಹೇಳುವ ಹಾಳೆ)

ಬೀರಮ್ಮಕ್ಕನವರಿಗೆ,

ನಿಮ್ಮನ್ನು ಅಕ್ಕ ಎಂದು ಕರೆದು ರೂಢಿಯಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮ ಬೆಳೆ ಹೋದದ್ದು ನನ್ನಿಂದ. ಓದಿದವಳು ಎಂಬ ಸೊಕ್ಕಿನಲ್ಲಿ, ಮಾಡಬೇಕಾದದ್ದನ್ನು ಮಾಡಲಿಲ್ಲ. ತಪ್ಪಾಯಿತು. ಮಾನ್ಯಳನ್ನು ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಪ್ರತಿಮಾ


ತಿಪ್ಪಸಂದ್ರ
25-1-2004

ಅಮ್ಮ,

ಅಂಕಪಟ್ಟಿ ತೋರಿಸಿ ಬಂದೆ. ಏಪ್ರಿಲ್‌ನಲ್ಲಿ ಪರೀಕ್ಷೆ.

ನಿನ್ನ ಹಾಳೆಯನ್ನು ಓದಿದೆ. ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು "ತೆಪ್ಪಾಯ್ತು ಅಂದ್ಲಾ? ಅವ್ಳಾ? ಇನ್ನೊಂದ್ ಸಲ ಓದು" ಎಂದರು. ಓದಿದೆ. ಬೇಲಿಯಾಚೆ ಪುಟ್ಟಲಿಂಗಯ್ಯನವರ ಹೆಂಡತಿ ನಿಂತಿದ್ದರು. ಅವರನ್ನು ತೋರಿಸಿ ಅತ್ತೆ "ಗಟ್ಟಿಯಾಗಿ ಓದೇ, ಅವ್ಳೂ ಕೇಳ್ಸ್ಕೊಳ್ಲಿ" ಎಂದರು. ಮೂರನೇ ಸಲ 'ನನ್ನಿಂದ' ಎನ್ನುವಲ್ಲಿಗೆ ಬಂದು ನನಗೆ ಓದಲು ಆಗಲಿಲ್ಲ. ಗೋಣಿ, ಬ್ಲೇಡು, ತಿಪ್ಪೆ ಎಲ್ಲ ಹೇಳಿಬಿಟ್ಟೆ. ನಿನ್ನ ಮೊದಲ ಹಾಳೆಯನ್ನೂ ಓದಿದೆ. ನೀನು ಬೇಡ ಎಂದಿದ್ದರೂ ಓದುತ್ತಿದ್ದೆ.

ಅವರು ಎದ್ದು ಹೋಗಿ ಆ ಗೋಣಿಯನ್ನು ಒಲೆಗೆ ಹಾಕಿದರು. ನನ್ನ ತಟ್ಟೆಗೆ ಅನ್ನ ಹಾಕುತ್ತಾರೆ, ಮಾತಾಡುವುದಿಲ್ಲ. ಹುಳು ಮನೆಯ ಕೀಲಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಾರೆ. ಹಿತ್ತಿಲ ಕಲ್ಲಿನ ಮೇಲೆ ಕುಯ್ಯಲು ಜಾಗ ತೋರಿಸಿ, ಪಕ್ಕದಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ ಇಟ್ಟರು. ಇವತ್ತು ಅಪ್ಪ ಬಂದ ಮೇಲೆ ಅತ್ತೆ ಮೊದಲ ಸಲ ಮಾತಾಡಿದರು, ನನ್ನ ಜೊತೆಯಲ್ಲ, ಕಾಗದದ ಜೊತೆ. ಬರಿ ಎಂದರು, ಬರೆಯುತ್ತಿದ್ದೇನೆ.

ಮಾನ್ಯ

"ಪ್ರತಿಮಾ. ಅವ್ವ ಮಗ್ಳು ಇಬ್ರೂ ಸೇರಿ ನನ್ ಬೆಳೆ ಕಳ್ದ್ರಿ. ಒಬ್ಳು ಹೇಳಲಿಲ್ಲ, ಒಬ್ಳು ಕೇಳಲಿಲ್ಲ. ಮಗಿನ ತೆಪ್ಪು ಮೈಮೇಲ್ ಹಾಕೊಂಡು ದೊಡ್ಡೋಳಾಗಕ್ಕೆ ನೋಡ್ದೆ, ಅದ್ನೂ ಅದು ಬುಡ್ಲಿಲ್ಲ. ನನ್ ಸಿಟ್ಟು ಹೋಗಿಲ್ಲ, ಹೋಗದೂ ಇಲ್ಲ. ಅಕ್ಕ ಗಿಕ್ಕ ಅನ್ಬೇಡ, ನಂಗೆ ಕೇಳಕ್ಕೆ ಒಂಥರಾ ಆಯ್ತದೆ. ಹೊಸ ಮೊಟ್ಟೆ ತಂದಿವ್ನಿ. ಹುಳು ಹಣ್ಣಾಗಿ ಗೂಡ್ ಕಟ್ಟೋ ಹೊತ್ಗೆ ಕೈ ಸಾಲಲ್ಲ, ಇವ್ಳು ಪರೀಕ್ಷೆಗೆ ಓದ್ಕೊಬೇಕು. ಶಿವರಾತ್ರಿ ಕಳೀಲಿ, ಬಾ. ಕಾಲ್ ಅದ್ಬುಟ್ಟು ಬಾ."